ಗಂಧಕದ ಹಿಡಿತ

ಕೊಡಿಗೇನಹಳ್ಳಿಯ ಅಡುಗೆಮನೆಗಳಲ್ಲಿ ಈಗ ಮುದ್ದೆಗೆ ಎಸರು ಕಾಯುವುದು ಹೆಚ್ಚಾಗಿ ನೀಲಿ ಉರಿಯ ಮೇಲೆ. ಬಳ್ಳಾರಿ ಜಾಲಿಯ ಸೌದೆ, ಕಡಲೆಕಾಯಿ ಹೊಟ್ಟು, ಬೆರಣಿ ಪೂರ್ತಿ ಮರೆಯಾಗಿಲ್ಲ. ಬಚ್ಚಲ ಹಂಡೆಯ ಕೆಳಗೆ ಅವಕ್ಕೆ ಇನ್ನೂ ಜಾಗವಿದೆ. ಒಲೆಯ ಹಿಂದಿನ ಗೋಡೆ ಮಾತ್ರ ಮಸಿ ಕಳೆದುಕೊಂಡು ಸುಣ್ಣದ ಬಣ್ಣಕ್ಕೆ ಮರಳಿದೆ. ಚೆನ್ನಾಗಿರುವ ಬರ್ನರಿನ ಉರಿಯನ್ನು ಒಂದಿಷ್ಟು ಹೊತ್ತು ಸುಮ್ಮನೆ ನಿಂತು ನೋಡಬೇಕು. ಒಳಗೆ ಗಟ್ಟಿ ನೀಲಿಯ ಮೊನೆ. ಅದರ ಸುತ್ತ ಇದೆಯೋ ಇಲ್ಲವೋ ಎನ್ನಿಸುವ ತೆಳು ನೀಲಿಯ ಪೊರೆ. ಹೊಗೆಯಿಲ್ಲ, ಕಿಡಿಯಿಲ್ಲ, ಬೂದಿಯಿಲ್ಲ. ತೂತು ತೂತಿಗೂ ಒಂದೊಂದು ಮೊನೆ ಎದ್ದು ನಿಂತು, ಪಾತ್ರೆಯ ತಳಕ್ಕೆ ತಾಗಿದೊಡನೆ ಹೊರಗೆ ಬಾಗಿ ಅರಳುತ್ತದೆ. ಈ ಉರಿಯ ಚೆಲುವು ಇರುವುದು ಅದರಲ್ಲಿ ಏನೇನು ಇಲ್ಲವೋ ಅದರಲ್ಲಿ. ಹಾಗೆ ಇಲ್ಲವಾಗಿಸಿದ ವಸ್ತುಗಳಲ್ಲಿ ಒಂದರ ಕತೆ ನನಗೆ ಎಲ್ಲಕ್ಕಿಂತ ರುಚಿ. ಅದು ಪಾದರಸ.

ಈ ಉರಿ ನಮ್ಮ ನೆಲದ್ದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವೂ ಪಾವಗಡದ ಕೋಟೆಬೆಟ್ಟವೂ ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿ ಹೆಪ್ಪುಗಟ್ಟಿದ ಕ್ಲೋಸ್‌ಪೇಟ್ ಗ್ರಾನೈಟಿನ ಸಾಲಿಗೆ ಸೇರಿದವು. ಅಂಥ ಕಲ್ಲಿನಡಿ ಇಂಧನದ ಅನಿಲ ಸಿಗುವುದಿಲ್ಲ. ಅದಕ್ಕೆ ಕೆಸರು, ಮರಳು, ಸುಣ್ಣಕಲ್ಲು ಪದರ ಪದರವಾಗಿ ಕೂತ ನೆಲ ಬೇಕು. ನಮ್ಮ ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೊರಗಿನಿಂದ, ಅದರಲ್ಲೂ ಕೊಲ್ಲಿಯ ನಾಡುಗಳಿಂದ ಬರುತ್ತದೆ. ಕತಾರ್, ಅಬುಧಾಬಿ, ಕುವೈತ್, ಸೌದಿ. ಹಡಗು ಬಂದು ನಿಲ್ಲುವ ರೇವುಗಳಲ್ಲಿ ನಮ್ಮ ನವ ಮಂಗಳೂರು ಬಂದರೂ ಒಂದು. ಮಂಗಳೂರಿನ ಬಂಡೆಯ ಒಡಲಲ್ಲಿ 80 ಸಾವಿರ ಟನ್ ಎಲ್‌ಪಿಜಿ ಹಿಡಿಯುವ ಗುಹೆ ಕೊರೆದಿದ್ದಾರೆ. ಅಲ್ಲಿಂದ ಹಾಸನ, ಮೈಸೂರು, ಸೋಲೂರಿನವರೆಗೆ ಕೊಳವೆ ಮಾರ್ಗ ಬಂದಿದೆ. ಆಮೇಲೆ ಬಾಟ್ಲಿಂಗ್ ಪ್ಲಾಂಟ್, ಲಾರಿ, 14.2 ಕೆಜಿಯ ಕೆಂಪು ಸಿಲಿಂಡರ್.

ಸಿಲಿಂಡರಿನ ಒಳಗಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಅನಿಲದ ಬಾವಿಯಿಂದ ಬರುವುದು ಇವೆರಡೇ ಅಲ್ಲ. ಮೀಥೇನ್ ಬಹುಪಾಲು, ಜೊತೆಗೆ ಈಥೇನ್, ಪ್ರೊಪೇನ್, ಬ್ಯೂಟೇನ್, ಪೆಟ್ರೋಲಿಗೆ ಹತ್ತಿರದ ಹಗುರ ಎಣ್ಣೆ, ಇವುಗಳೊಂದಿಗೆ ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಮೀಥೇನನ್ನು ಬಿಟ್ಟು ಉಳಿದ ಇಂಧನಗಳನ್ನು ತಣ್ಣಗೆ ಮಾಡಿ ದ್ರವವಾಗಿ ಇಳಿಸಿಕೊಳ್ಳುತ್ತಾರೆ. ನಮ್ಮ ಎಲ್‌ಪಿಜಿಯಲ್ಲಿ ದೊಡ್ಡ ಪಾಲು ಹೀಗೆ ಇಳಿದ ದ್ರವ. ಇನ್ನೊಂದು ಪಾಲು ಕಚ್ಚಾ ಎಣ್ಣೆಯ ಸಂಸ್ಕರಣಾಗಾರಗಳದ್ದು. ತಣ್ಣಗೆ ಮಾಡುವ ಮೊದಲು ನೀರು, ಆಮ್ಲದ ಅನಿಲಗಳು ಎಲ್ಲವೂ ಹೋಗಬೇಕು. ಪಾದರಸವೂ ಹೋಗಬೇಕು.

ಅನಿಲದಲ್ಲಿ ಪಾದರಸ ಎಲ್ಲಿಂದ ಬಂತು ಎಂದು ಯಾರಿಗಾದರೂ ಅಚ್ಚರಿಯಾಗುತ್ತದೆ. ಭೂಮಿಯ ಆಳದ ಬಿಸಿ ಕಲ್ಲುಗಳಲ್ಲಿ, ಹಳೆಯ ಕಲ್ಲಿದ್ದಲ ಪದರಗಳಲ್ಲಿ ಅದು ಚೂರುಚೂರು ಇರುತ್ತದೆ. ಕಾವಿಗೆ ಆವಿಯಾಗಿ, ಅನಿಲ ಮೇಲೇರುವಾಗ ಅದರ ಜೊತೆ ಸೇರಿಕೊಳ್ಳುತ್ತದೆ. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಸಿಕ್ಕ ದೊಡ್ಡ ಅನಿಲ ನಿಕ್ಷೇಪದಲ್ಲಿ ಒಂದು ಘನ ಮೀಟರಿಗೆ ಸುಮಾರು 180 ಮೈಕ್ರೋಗ್ರಾಂ ಪಾದರಸವಿತ್ತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಆದರೆ ಗ್ಯಾಸ್ ಪ್ಲಾಂಟಿಗೆ ಬರುವ ಅನಿಲದ ಮೊತ್ತ ದೊಡ್ಡದು. ದಿನಕ್ಕೆ ಒಂದು ಕೋಟಿ ಘನ ಮೀಟರ್ ಅನಿಲ, ಘನ ಮೀಟರಿಗೆ 50 ಮೈಕ್ರೋಗ್ರಾಂ ಪಾದರಸ ಎಂದು ಲೆಕ್ಕ ಹಿಡಿಯಿರಿ. ದಿನಕ್ಕೆ ಅರ್ಧ ಕೆಜಿ ಪಾದರಸ ಒಳಗೆ ಬಂದಂತಾಯಿತು. ವರ್ಷಕ್ಕೆ 180 ಕೆಜಿ. ಗಾತ್ರದಲ್ಲಿ ಸುಮಾರು 13 ಲೀಟರ್, ಒಂದು ಬಿಂದಿಗೆಗೆ ಸಾಕಾಗುವಷ್ಟು.

ಪಾದರಸವನ್ನು ಕೈಯಲ್ಲಿ ಎತ್ತಿ ನೋಡಿದವರಿಗೆ ಗೊತ್ತು, ಅದು ಕಣ್ಣಿಗೆ ಹೇಳುವುದೇ ಒಂದು, ಕೈಗೆ ಹೇಳುವುದೇ ಒಂದು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಚಿಕ್ಕ ಸೀಸೆಯೊಂದನ್ನು ನಮ್ಮ ಕೈಗೆ ಕೊಟ್ಟಾಗ ಮೊಣಕೈ ತಾನಾಗಿ ಕೆಳಗಿಳಿದದ್ದು ನನಗೆ ಇವತ್ತಿಗೂ ನೆನಪಿದೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಕಬ್ಬಿಣದ ಬೋಲ್ಟು ಅದರ ಮೇಲೆ ತೇಲುತ್ತದೆ. ಚೆಲ್ಲಿದರೆ ಮಣಿಮಣಿಯಾಗಿ ಓಡುತ್ತದೆ, ಎರಡು ಮಣಿ ಹತ್ತಿರ ಬಂದರೆ ತಡವಿಲ್ಲದೆ ಒಂದಾಗುತ್ತವೆ. ಮರಕ್ಕೆ ಅಂಟದು, ಗಾಜಿಗೆ ಅಂಟದು, ಬಟ್ಟೆಯನ್ನು ನೆನೆಸದು. ಲೋಹಗಳಲ್ಲಿ ಇದೊಂದೇ ನಮ್ಮ ಮನೆಯ ಬಿಸಿಲು ಚಳಿಗಳಲ್ಲೆಲ್ಲ ದ್ರವವಾಗಿಯೇ ಉಳಿಯುತ್ತದೆ. ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 39 ಡಿಗ್ರಿ ಕೆಳಗೆ ಹೋಗಬೇಕು.

ಈ ಕೊನೆಯ ಮಾತಿನಲ್ಲೇ ಗ್ಯಾಸ್ ಪ್ಲಾಂಟಿನ ಅಪಾಯ ಅಡಗಿದೆ.

ದ್ರವಗಳನ್ನು ಇಳಿಸಿಕೊಳ್ಳಲು ಅನಿಲವನ್ನು ಸೊನ್ನೆಗಿಂತ 80, 90 ಡಿಗ್ರಿ ಕೆಳಗೆ ಒಯ್ಯುತ್ತಾರೆ. ಮೀಥೇನನ್ನೂ ದ್ರವ ಮಾಡಿ ಎಲ್‌ಎನ್‌ಜಿಯಾಗಿ ಹಡಗಿಗೆ ತುಂಬಬೇಕಾದರೆ ಸೊನ್ನೆಗಿಂತ 162 ಡಿಗ್ರಿ ಕೆಳಗೆ. ಅಷ್ಟು ಚಳಿಯಲ್ಲಿ ಸಾಮಾನ್ಯ ಉಕ್ಕು ಗಾಜಿನಷ್ಟು ಸುಲಭವಾಗಿ ಒಡೆಯುತ್ತದೆ. ಅಲ್ಯೂಮಿನಿಯಂ ಒಡೆಯುವುದಿಲ್ಲ, ಚಳಿ ಹೆಚ್ಚಿದಷ್ಟೂ ಅದರ ಬಲ ಹೆಚ್ಚುತ್ತದೆ, ಶಾಖವನ್ನೂ ಚೆನ್ನಾಗಿ ದಾಟಿಸುತ್ತದೆ. ಆದ್ದರಿಂದ ಕೋಲ್ಡ್ ಬಾಕ್ಸ್ ಎಂದು ಕರೆಯುವ ಶಾಖ ವಿನಿಮಯದ ಪೆಟ್ಟಿಗೆಯನ್ನು ಅಲ್ಯೂಮಿನಿಯಂನಲ್ಲೇ ಮಾಡುತ್ತಾರೆ. ತೆಳು ತಗಡು, ಅದರ ಮೇಲೆ ಮಡಿಕೆ ಮಡಿಕೆಯ ಇನ್ನೊಂದು ತಗಡು, ಮತ್ತೆ ತಗಡು, ಹೀಗೆ ನೂರಾರು ಪದರ ಬೆಸೆದು ಮಾಡಿದ ಕೆಲಸ. ಒಂದು ಸಾಲಿನಲ್ಲಿ ಬಿಸಿ ಅನಿಲ ಇಳಿಯುತ್ತದೆ, ಪಕ್ಕದ ಸಾಲಿನಲ್ಲಿ ತಣ್ಣನೆಯದು ಏರುತ್ತದೆ. ಎರಡರ ನಡುವೆ ಕೂದಲೆಳೆ ಅಂತರದ ಲೋಹ.

ಪಾದರಸ ಕೆಡಿಸುವುದು ಈ ಲೋಹವನ್ನೇ. ನಮ್ಮ ಅನ್ನದ ತಪ್ಪಲೆಯನ್ನು ಕಾಯುತ್ತಿರುವುದು ಅಲ್ಯೂಮಿನಿಯಂ ತಾನೇ ಮೈಮೇಲೆ ಹೊದ್ದುಕೊಂಡಿರುವ ಆಕ್ಸೈಡಿನ ಪೊರೆ. ಆ ಪೊರೆಯಲ್ಲಿ ಒಂದು ಗೀರು ಬಿದ್ದು ಅಲ್ಲಿ ಪಾದರಸದ ಹನಿ ಕೂತರೆ ಅಲ್ಯೂಮಿನಿಯಂ ಅದರಲ್ಲಿ ಕರಗುತ್ತದೆ. ಕರಗಿದ ಲೋಹಕ್ಕೆ ಗಾಳಿಯ ತೇವ ಸಿಕ್ಕರೆ ಬಿಳಿಯ ಎಳೆಗಳು ಲೋಹದಿಂದ ಮೇಲೇಳತೊಡಗುತ್ತವೆ. ಕಣ್ಣೆದುರೇ ಬೆಳೆಯುತ್ತವೆ, ಮೆತ್ತಗೆ, ಹಗುರವಾಗಿ, ಊದಿದರೆ ಹಾರುವಷ್ಟು. ನೋಡಲು ಅಷ್ಟು ಮೋಹಕವಾದ ನಾಶವನ್ನು ರಸಾಯನಶಾಸ್ತ್ರದಲ್ಲಿ ಬೇರೆ ಕಡೆ ನಾನು ಕಂಡಿಲ್ಲ. ಪಾದರಸ ಇದರಲ್ಲಿ ಖರ್ಚಾಗುವುದೇ ಇಲ್ಲ. ಒಂದು ಜಾಗ ತಿಂದು ಮುಗಿಸಿ ಮುಂದಿನ ಜಾಗಕ್ಕೆ ಇಳಿಯುತ್ತದೆ. ವಿಮಾನದಲ್ಲಿ ಪಾದರಸ ಒಯ್ಯಲು ಅಷ್ಟು ಕಟ್ಟುನಿಟ್ಟು ಇರುವುದಕ್ಕೂ ಇದೇ ಕಾರಣ. ವಿಮಾನದ ಮೈಯೂ ಅಲ್ಯೂಮಿನಿಯಂ.

ತೇವವಿಲ್ಲದ ಕೋಲ್ಡ್ ಬಾಕ್ಸಿನೊಳಗೆ ಇನ್ನೊಂದು ಬಗೆಯ ಕೇಡು. ಒತ್ತಡದಲ್ಲಿರುವ ಲೋಹದ ಕಣ ಕಣಗಳ ನಡುವಿನ ಸಂದಿಗೆ ಪಾದರಸ ನುಸುಳುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಯಂತ್ರ ನಡೆಯುತ್ತಿರುವಷ್ಟು ಹೊತ್ತು ಪಾದರಸ ಹೆಪ್ಪುಗಟ್ಟಿ ತಣ್ಣಗೆ ಕೂತಿರುತ್ತದೆ. ರಿಪೇರಿಗೆಂದು ನಿಲ್ಲಿಸಿ ಪೆಟ್ಟಿಗೆ ಬಿಸಿಯೇರಲು ಬಿಟ್ಟಾಗ, ಸೊನ್ನೆಗಿಂತ 39 ಡಿಗ್ರಿ ಕೆಳಗಿನ ಗೆರೆ ದಾಟಿದೊಡನೆ, ಅದು ಕರಗಿ ಹರಿಯುತ್ತದೆ. ಆಗ ಕಾಡುತ್ತದೆ. ಅಲ್ಜೀರಿಯಾದ ಸ್ಕಿಕ್ಡಾದ ಎಲ್‌ಎನ್‌ಜಿ ಸ್ಥಾವರದಲ್ಲಿ 1973ರಲ್ಲಿ ಅಲ್ಯೂಮಿನಿಯಂ ವಿನಿಮಯಕ ಹಾಳಾದಾಗಲೇ ಜಗತ್ತಿನ ಎಂಜಿನಿಯರುಗಳು ಪಾದರಸದ ಕಡೆ ತಿರುಗಿ ನೋಡಿದ್ದು. ಆಸ್ಟ್ರೇಲಿಯಾದ ಮೂಂಬಾದಲ್ಲಿ 2004ರ ಜನವರಿ 1ರಂದು ಅನಿಲದಿಂದ ದ್ರವ ಇಳಿಸುವ ಘಟಕದಲ್ಲಿ ಸ್ಫೋಟವಾಯಿತು; ವಿನಿಮಯಕದ ಮೂತಿಯ ಬಿರುಕಿಗೆ ಪಾದರಸವೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು.

ಹಾಗಾದರೆ ಇದನ್ನು ಹಿಡಿಯುವುದು ಹೇಗೆ? ಸೋಸಿದರೆ ನಿಲ್ಲದು, ಅದು ಆವಿ. ತೊಳೆದರೆ ಹೋಗದು, ನೀರಿಗೆ ಸೇರದು. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಂಧಕ. ಆ ಉತ್ತರ ನಮ್ಮ ನಾಡಿನ ರಸವೈದ್ಯರಿಗೆ ನೂರಾರು ವರ್ಷಗಳಿಂದ ಕೈಗೆ ಗೊತ್ತಿತ್ತು.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ನಮ್ಮ ಕಡೆಯ ಜನ ಮದ್ದಿನ ಗಿಡಮೂಲಿಕೆಗೆಂದು ಹೋಗುತ್ತಾರೆ. ಸಿದ್ಧರು ಅಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. ಸಿದ್ಧರ ವಿದ್ಯೆಯಲ್ಲಿ ಮುಖ್ಯವಾದದ್ದೊಂದು ಪಾದರಸವನ್ನು ಕಟ್ಟುವುದು. ನಿಲ್ಲದೆ ಓಡುವುದನ್ನು ನಿಲ್ಲಿಸುವುದು, ಆವಿಯಾಗಿ ಹಾರುವುದನ್ನು ಹಾರದಂತೆ ಮಾಡುವುದು. ರಸಶಾಸ್ತ್ರದಲ್ಲಿ ಅದರ ಮೊದಲ ಮೆಟ್ಟಿಲು ಕಜ್ಜಳಿ. ಶುದ್ಧ ಪಾದರಸ, ಶುದ್ಧ ಗಂಧಕ ಎರಡನ್ನೂ ಖಲ್ವಕ್ಕೆ ಹಾಕಿ ಅರೆಯುವುದು. ಬೇರೇನೂ ಇಲ್ಲ, ಬೆಂಕಿ ಇಲ್ಲ, ನೀರಿಲ್ಲ, ಗುಂಡುಕಲ್ಲು ಮತ್ತು ತಾಳ್ಮೆ. ಮೊದಲು ಹಳದಿ ಪುಡಿಯ ನಡುವೆ ಬೆಳ್ಳಿ ಮಣಿಗಳು ಓಡಾಡುತ್ತವೆ. ಆಮೇಲೆ ಮಣಿಗಳು ಸಣ್ಣಗಾಗುತ್ತ ಹಳದಿ ಬೂದುಬಣ್ಣಕ್ಕೆ ತಿರುಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅರೆದ ಮೇಲೆ ಬಟ್ಟಲಲ್ಲಿ ಉಳಿಯುವುದು ಹೊಳಪಿಲ್ಲದ ಕಡುಕಪ್ಪು ಪುಡಿ. ಪರೀಕ್ಷೆಯೂ ಅಷ್ಟೇ ಸೊಗಸು. ಒಂದು ಚಿಟಿಕೆಯನ್ನು ಎರಡು ಬೆರಳ ನಡುವೆ ತಿಕ್ಕಿದರೆ ಅದು ಬೆರಳಿನ ಗೆರೆಗಳ ಒಳಗೆ ತುಂಬಿಕೊಳ್ಳಬೇಕು. ಹನಿ ನೀರು ಹಾಕಿ ಬಿಸಿಲಿಗೆ ಹಿಡಿದರೆ ಎಲ್ಲೂ ಒಂದು ಮಿನುಗು ಕಾಣಬಾರದು. ಮಿನುಗು ಕಂಡರೆ ಪಾದರಸ ಇನ್ನೂ ಬಿಡುಗಡೆಯಲ್ಲಿದೆ ಎಂದು ಅರ್ಥ, ಮತ್ತೆ ಅರೆಯಬೇಕು.

ಅದನ್ನು ಔಷಧಿಯಾಗಿ ಸೇವಿಸಬಹುದೇ, ಎಷ್ಟು, ಯಾರ ಕಣ್ಗಾವಲಿನಲ್ಲಿ ಎಂಬುದು ಬೇರೆಯದೇ ಚರ್ಚೆ, ಸಣ್ಣ ಚರ್ಚೆಯೂ ಅಲ್ಲ. ಮನೆಯಲ್ಲಿ ಯಾರೂ ಅರೆಯಲು ಹೋಗಬಾರದು. ಅರೆಯುವಾಗ ಏಳುವ ಆವಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನು ಸವಿಯುತ್ತಿರುವುದು ಆ ಕೈಕೆಲಸದ ಹಿಂದಿನ ಗುರುತನ್ನು. ಪಾದರಸದ ಒಂದು ಪರಮಾಣು, ಗಂಧಕದ ಒಂದು ಪರಮಾಣು ಕೈ ಹಿಡಿದರೆ ಬಿಡುವುದು ಕಷ್ಟ. ಹುಟ್ಟುವ ಸಲ್ಫೈಡು ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಕಪ್ಪಾಗಿದ್ದರೆ ಕಜ್ಜಳಿ. ಅದೇ ವಸ್ತು ಇನ್ನೊಂದು ಜೋಡಣೆಯಲ್ಲಿ ಹರಳಾದರೆ ಕೆಂಪು. ನಮ್ಮ ಹಳೆಯ ಚಿತ್ರಕಾರರು ಬಣ್ಣಕ್ಕೆ ಬಳಸಿದ ಇಂಗಳೀಕ. ಭೂಮಿಯೊಳಗೂ ಪಾದರಸ ಬಹುಪಾಲು ಇರುವುದು ಇಂಗಳೀಕವಾಗಿಯೇ, ಗಂಧಕದ ಜೊತೆ.

ಈಗ ಗ್ಯಾಸ್ ಪ್ಲಾಂಟಿಗೆ ಬನ್ನಿ. ಗೋಪುರ, ಜ್ವಾಲೆ, ಕಂಪ್ರೆಸರುಗಳ ಗದ್ದಲದ ನಡುವೆ ಎರಡು ಉಕ್ಕಿನ ಪಾತ್ರೆಗಳು ಅಕ್ಕಪಕ್ಕ ನಿಂತಿರುತ್ತವೆ. ಎರಡು ಮೂರು ಆಳೆತ್ತರ ಮೀರಿದ ಕಂಬದಾಕಾರ, ದಪ್ಪ ಗೋಡೆ, ಮೇಲೊಂದು ಕೆಳಗೊಂದು ಕೊಳವೆ. ಒಳಗೆ ತಿರುಗುವುದು ಯಾವುದೂ ಇಲ್ಲ, ಸದ್ದು ಮಾಡುವುದು ಯಾವುದೂ ಇಲ್ಲ. ಮೇಲೆ ಮತ್ತು ಕೆಳಗೆ ಪಿಂಗಾಣಿ ಗುಂಡುಗಳ ಪದರ. ನಡುವೆ ಟನ್‌ಗಟ್ಟಲೆ ಕರಿ ಗುಳಿಗೆ. ಒಂದೊಂದು ಗುಳಿಗೆಯೂ ಎರಡು ಮೂರು ಮಿಲಿಮೀಟರ್ ದಪ್ಪ. ಅಲ್ಯೂಮಿನಾದ ಸಣ್ಣ ಗುಂಡು, ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳ ಒಳಗೋಡೆಗೆ ತಾಮ್ರದ ಸಲ್ಫೈಡಿನ ಲೇಪ. ಅನಿಲ ಮೇಲಿನಿಂದ ಇಳಿದು ಈ ಹಾಸನ್ನು ಹಾದು ಕೆಳಗೆ ಹೊರಡುತ್ತದೆ. ಒಳಗಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಪಾದರಸದ ಹೆಚ್ಚುಕಡಿಮೆ ಪ್ರತಿ ಪರಮಾಣುವೂ ಯಾವುದೋ ಒಂದು ಗುಳಿಗೆಯ ಯಾವುದೋ ಒಂದು ರಂಧ್ರದೊಳಗೆ ಅಲೆದು ಗೋಡೆಗೆ ತಾಗುತ್ತದೆ. ತಾಗಿದಲ್ಲಿ ಗಂಧಕ ತಾಮ್ರವನ್ನು ಬಿಟ್ಟು ಪಾದರಸವನ್ನು ಹಿಡಿಯುತ್ತದೆ. ಮುಗಿಯಿತು. ವಾಪಸು ಹಾರುವುದಿಲ್ಲ. ಖಲ್ವದಲ್ಲಿ ಗುಂಡುಕಲ್ಲಿನಿಂದ ದಿನವೆಲ್ಲ ಅರೆದು ಮಾಡುತ್ತಿದ್ದ ಮದುವೆ ಇಲ್ಲಿ ಒಂದು ಉಸಿರಿನಲ್ಲಿ ನಡೆಯುತ್ತದೆ, ಏಕೆಂದರೆ ಅರೆಯುವ ಕೆಲಸವನ್ನು ರಂಧ್ರಗಳು ಮೊದಲೇ ಮಾಡಿಟ್ಟಿವೆ. ಒಂದು ಗ್ರಾಂ ಗುಳಿಗೆಯ ಒಳಮೈಯನ್ನು ಬಿಡಿಸಿ ಹಾಸಿದರೆ ನೂರು ಚದರ ಮೀಟರಿನ ಆಸುಪಾಸು ಬರುತ್ತದೆ.

ಹಾಸು ಒಮ್ಮೆಲೇ ತುಂಬುವುದಿಲ್ಲ. ನಮ್ಮ ಸೀಮೆಯಲ್ಲಿ ಸಾಲುಕೆರೆಗಳು ತುಂಬುವ ಬಗೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬೀಳುವತನಕ ಕೆಳಗಿನ ಕೆರೆಗೆ ಹನಿ ನೀರಿಲ್ಲ. ಮೇಲಿನ ಪದರದ ಗುಳಿಗೆಗಳು ಪಾದರಸದಿಂದ ತುಂಬಿ ಸಾಕು ಎನ್ನುವವರೆಗೂ ಕೆಳಗಿನ ಪದರ ಮುಟ್ಟದೆ ಉಳಿದಿರುತ್ತದೆ. ಆಮೇಲೆ ಮುಂದಿನ ಪದರ, ಆಮೇಲೆ ಅದರ ಮುಂದಿನದು. ವರ್ಷಗಳ ಕಾಲ ಹೀಗೆ ಒಂದು ಗಡಿ ನಿಧಾನವಾಗಿ ಕೆಳಗಿಳಿಯುತ್ತದೆ. ಮೊದಲ ಪಾತ್ರೆ ಪೂರ್ತಿ ತುಂಬಿ ಕೋಡಿ ಬಿದ್ದರೂ ಭಯವಿಲ್ಲ. ಎರಡನೆಯ ಪಾತ್ರೆ ಖಾಲಿಯಾಗಿ ಕಾಯುತ್ತಿದೆ. ಮೊದಲನೆಯದರ ಗುಳಿಗೆ ತೆಗೆದು ಹೊಸದು ತುಂಬುತ್ತಾರೆ, ಇಷ್ಟು ದಿನ ಹಿಂದೆ ನಿಂತಿದ್ದ ಪಾತ್ರೆ ಈಗ ಮುಂದಕ್ಕೆ ಬರುತ್ತದೆ. ಲೀಡ್, ಲ್ಯಾಗ್ ಎಂದು ಅಲ್ಲಿಯವರು ಕರೆಯುವ ಈ ಸರದಿಯಲ್ಲಿ ಒಂದು ದಿನವೂ ಅನಿಲ ನಿಲ್ಲುವುದಿಲ್ಲ.

ಇಷ್ಟೆಲ್ಲ ಆದಮೇಲೆ ಹೊರಡುವ ಅನಿಲದಲ್ಲಿ ಉಳಿಯಬಹುದಾದ ಪಾದರಸ ಘನ ಮೀಟರಿಗೆ 10 ನ್ಯಾನೋಗ್ರಾಂ. ಒಳಗೆ 50 ಮೈಕ್ರೋಗ್ರಾಂ ಬಂದಿದ್ದರೆ ಐದು ಸಾವಿರದಲ್ಲಿ ಒಂದು ಭಾಗ ಉಳಿಯಿತು. ತೂಕದ ಲೆಕ್ಕದಲ್ಲಿ ಹತ್ತು ಸಾವಿರ ಕೋಟಿ ಭಾಗ ಅನಿಲದಲ್ಲಿ ಸುಮಾರು ಒಂದು ಭಾಗ. ಒಂದೇ ಒಂದು ಗ್ರಾಂ ಪಾದರಸ ಹತ್ತು ಕೋಟಿ ಘನ ಮೀಟರ್ ಅನಿಲಕ್ಕೆ ಹಂಚಿದಷ್ಟು. ನಿಂತ ಜಾಗದಲ್ಲೇ ನಿಂತು, ಕರೆಂಟು ಬೇಡದೆ, ಒಂದು ಪಾತ್ರೆ ಗುಳಿಗೆ ಈ ಮಟ್ಟದ ಶುದ್ಧಿ ಕೊಡುತ್ತದೆ. ಯಂತ್ರವಿದ್ಯೆಯಲ್ಲಿ ನನ್ನನ್ನು ಇಷ್ಟು ಹೊತ್ತು ಹಿಡಿದು ನಿಲ್ಲಿಸುವ ವಸ್ತು ಕಡಿಮೆ.

ಅನಿಲದ್ದು ಹೀಗಾದರೆ, ಇಳಿಸಿಕೊಂಡ ದ್ರವದ್ದು ಇನ್ನೂ ನಾಜೂಕು. ಪಾದರಸ ಕುದಿಯುವುದು 357 ಡಿಗ್ರಿಯಲ್ಲಿ. ಆ ಲೆಕ್ಕದಲ್ಲಿ ಅದು ಭಾರದ ಎಣ್ಣೆಗಳ ಜೊತೆ ತಳದಲ್ಲಿ ಉಳಿಯಬೇಕಿತ್ತು. ಉಳಿಯುವುದಿಲ್ಲ. ದ್ರವವನ್ನು ಬೇರೆ ಬೇರೆ ಮಾಡುವಾಗ ಹಗುರವಾದ ಪ್ರೊಪೇನ್, ಬ್ಯೂಟೇನ್, ನಾಫ್ತಾಗಳ ಜೊತೆಗೇ ಹೊರಡುತ್ತದೆ. ಎಂದರೆ ಎಲ್‌ಪಿಜಿಯ ಜೊತೆಗೆ. ದ್ರವದೊಳಗೆ ಅದು ಅನಿಲದಲ್ಲಿ ಅಲೆದಷ್ಟು ಚುರುಕಾಗಿ ಅಲೆಯಲಾರದು. ರಂಧ್ರದ ಗೋಡೆ ಮುಟ್ಟಲು ಬಹಳ ಹೊತ್ತು ಬೇಕು. ಆದ್ದರಿಂದ ಪಾತ್ರೆ ದೊಡ್ಡದಾಗಬೇಕು, ಹರಿವು ನಿಧಾನವಾಗಬೇಕು, ಗುಳಿಗೆಯ ರಂಧ್ರ ಅಗಲವಾಗಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಒಣ ಅನಿಲಕ್ಕೆ ಬಹುಕಾಲದಿಂದ ಬಳಸುತ್ತ ಬಂದದ್ದು ಗಂಧಕ ಸವರಿದ ಇದ್ದಿಲು. ಅಗ್ಗ, ಸರಳ, ಕೆಲಸವೂ ಅಚ್ಚುಕಟ್ಟು. ಅದನ್ನೇ ದ್ರವಕ್ಕೆ ಹಾಕಿದರೆ ಗಂಧಕ ಮೆಲ್ಲಗೆ ಎಣ್ಣೆಯಲ್ಲಿ ಕರಗಿ ಹೊರಟುಹೋಗುತ್ತದೆ. ಕಾವಲಿಗಿಟ್ಟವನೇ ಕಾಣೆ. ಆದ್ದರಿಂದ ಗಂಧಕವನ್ನು ಮೊದಲೇ ತಾಮ್ರಕ್ಕೆ ಕಟ್ಟಿಡಬೇಕು. ತಾಮ್ರದ ಸಲ್ಫೈಡ್ ಎಣ್ಣೆಯಲ್ಲಿ ಕರಗದು. ಪಾದರಸ ಬಂದಾಗ ಮಾತ್ರ ಗಂಧಕವನ್ನು ಬಿಟ್ಟುಕೊಡುತ್ತದೆ. ಕಟ್ಟು ಬಿಗಿಯಾಗಿರಬೇಕು, ಆದರೆ ಪಾದರಸ ಬಿಚ್ಚಲಾಗದಷ್ಟು ಬಿಗಿಯಾಗಬಾರದು. ತಾಮ್ರ ಆ ಹದಕ್ಕೆ ಸರಿಯಾಗಿ ಕೂತಿದೆ.

ದ್ರವದಲ್ಲಿ ಪಾದರಸ ಒಂದೇ ವೇಷದಲ್ಲೂ ಇರುವುದಿಲ್ಲ. ಕೆಲವು ಸಲ ಇಂಗಾಲದ ಜೊತೆ ಬೆಸೆದುಕೊಂಡಿರುತ್ತದೆ. ಆಗ ಗಂಧಕ ಎದುರಿಗಿದ್ದರೂ ಸಿಕ್ಕುವುದಿಲ್ಲ. ಅಂಥ ದ್ರವವನ್ನು ಮೊದಲು ಹೈಡ್ರೋಜನ್ ಜೊತೆ ಬಿಸಿಮಾಡಿ ವೇಗವರ್ಧಕದ ಮೇಲೆ ಹರಿಸಿ ಆ ಬೆಸುಗೆಯನ್ನು ಒಡೆಯುತ್ತಾರೆ. ಬಿಡಿಯಾದ ಪಾದರಸ ಮುಂದಿನ ಪಾತ್ರೆಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ದಾರಿ ಬೆಳ್ಳಿಯದು. ನೀರು ಹೀರುವ ಜಿಯೋಲೈಟ್ ಗುಳಿಗೆಯ ಮೇಲೆ ಬೆಳ್ಳಿ ಸವರಿರುತ್ತಾರೆ. ಪಾದರಸ ಬೆಳ್ಳಿಗೆ ಕೂಡುತ್ತದೆ, ಬಿಸಿಮಾಡಿದರೆ ಬಿಟ್ಟು ಹೋಗುತ್ತದೆ, ಗುಳಿಗೆ ಮತ್ತೆ ಹೊಸದಾಗುತ್ತದೆ. ಜಾಣತನದ ಕೆಲಸ, ಒಪ್ಪುತ್ತೇನೆ. ಆದರೂ ಬಿಟ್ಟ ಪಾದರಸವನ್ನು ಮತ್ತೆಲ್ಲಾದರೂ ಹಿಡಿಯಲೇಬೇಕಲ್ಲ. ನನ್ನ ಒಲವು ಬಿಡದೆ ಹಿಡಿಯುವ ಗಂಧಕದ ಕಡೆಗೇ.

ಇಷ್ಟು ಕಡಿಮೆ ಉಳಿದಿದೆ ಎಂದು ತಿಳಿಯುವುದು ಹೇಗೆ? ಅಳೆಯುವ ಬಗೆ ಕೇಳಿದರೆ ಕೋಲಾರದವರಿಗೆ ಖುಷಿಯಾಗಬೇಕು. ಚಿನ್ನ ಲೇಪಿಸಿದ ಮರಳಿನ ಸಣ್ಣ ನಳಿಕೆಯೊಂದರ ಮೂಲಕ ಅನಿಲವನ್ನು ಹಾಯಿಸುತ್ತಾರೆ. ಉಳಿದ ನ್ಯಾನೋಗ್ರಾಂಗಳೆಲ್ಲ ಚಿನ್ನಕ್ಕೆ ಅಂಟುತ್ತವೆ. ನಳಿಕೆಯನ್ನು ಕಾಯಿಸಿದರೆ ಒಟ್ಟಿಗೆ ಬಿಟ್ಟುಬರುತ್ತವೆ. ಆ ಆವಿಗೆ 253.7 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬಿಟ್ಟರೆ ಪಾದರಸ ಆ ಬೆಳಕನ್ನು ಹೀರಿ ಮತ್ತೆ ಅದೇ ಬೆಳಕನ್ನು ಹೊರಚೆಲ್ಲುತ್ತದೆ; ಎಷ್ಟು ಬೆಳಕೋ ಅಷ್ಟು ಪಾದರಸ. ನಮ್ಮ ಮನೆಗಳ ಟ್ಯೂಬ್‌ಲೈಟಿನೊಳಗೆ ಹುಟ್ಟಿ, ಬಿಳಿಯ ಪುಡಿಗೆ ಬಡಿದು ಬೆಳಕಾಗುವುದೂ ಇದೇ 253.7. ಮಾದರಿ ತೆಗೆಯುವ ಕೊಳವೆಯ ಬಗ್ಗೆಯೂ ಎಚ್ಚರ ಬೇಕು. ಸಾಮಾನ್ಯ ಉಕ್ಕಿನ ಕೊಳವೆ ಪಾದರಸವನ್ನು ತಾನೇ ಹೀರಿಕೊಂಡು ಏನೂ ಇಲ್ಲವೆಂದು ಸುಳ್ಳು ಲೆಕ್ಕ ಕೊಡುತ್ತದೆ. ಹೊಸ ಪೈಪ್‌ಲೈನ್ ಹಾಕಿದಾಗ ತಿಂಗಳುಗಟ್ಟಲೆ ಆ ಕಡೆಯ ತುದಿಯಲ್ಲಿ ಪಾದರಸವೇ ಕಾಣದಿರುವುದೂ ಉಂಟು.

ಕೋಲಾರದ ಗಣಿಗಳಲ್ಲಿ ಇದರ ತಿರುವುಮುರುವು ನಡೆದಿತ್ತು. 1880ರ ದಶಕದಲ್ಲಿ ಅಲ್ಲಿ ಆಧುನಿಕ ಗಣಿಗಾರಿಕೆ ಶುರುವಾದ ಕಾಲಕ್ಕೆ ಅದಿರನ್ನು ಸ್ಟ್ಯಾಂಪ್ ಮಿಲ್ಲುಗಳಲ್ಲಿ ಕುಟ್ಟಿ, ನೀರಿನ ಜೊತೆ ಕೆಸರಾಗಿಸಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಕೆಸರು ಹರಿದುಹೋಗುತ್ತಿತ್ತು, ಚಿನ್ನದ ಕಣ ಪಾದರಸಕ್ಕೆ ಕೂಡಿ ತಗಡಿನ ಮೇಲೆ ನಿಲ್ಲುತ್ತಿತ್ತು. ಅಲ್ಲಿ ಹಿಡಿಯುತ್ತಿದ್ದದ್ದು ಪಾದರಸ, ಸಿಕ್ಕುತ್ತಿದ್ದದ್ದು ಚಿನ್ನ. ಪ್ರಯೋಗಾಲಯದ ನಳಿಕೆಯಲ್ಲಿ ಹಿಡಿಯುವುದು ಚಿನ್ನ, ಸಿಕ್ಕುವುದು ಪಾದರಸ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಸಂಬಂಧ ಮಾತ್ರ ಮುಚ್ಚಲಿಲ್ಲ.

ಪಾತ್ರೆಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಎಂಜಿನಿಯರುಗಳ ನಡುವೆ ಎರಡು ಪಂಗಡ. ಅನಿಲದ ತೇವ ತೆಗೆದ ಮೇಲೆ, ಕೋಲ್ಡ್ ಬಾಕ್ಸಿನ ಬಾಗಿಲಲ್ಲಿ ನಿಲ್ಲಿಸಿದರೆ ಪಾತ್ರೆ ಚಿಕ್ಕದು, ಗುಳಿಗೆಯ ರಂಧ್ರಗಳಲ್ಲಿ ನೀರು ಕಟ್ಟಿಕೊಳ್ಳುವ ಕಾಟವಿಲ್ಲ, ಖರ್ಚೂ ಕಡಿಮೆ. ಆದರೆ ಅಲ್ಲಿಗೆ ಬರುವ ಮೊದಲೇ ಪಾದರಸ ಒಂದಿಷ್ಟು ಆಮ್ಲ ತೆಗೆಯುವ ಘಟಕದ ಗಾಳಿಕೊಳವೆಯಿಂದ ಹೊರಹೋಗಿರುತ್ತದೆ, ಒಂದಿಷ್ಟು ನೀರಿನ ಜೊತೆ, ಒಂದಿಷ್ಟು ಇಳಿದ ಎಣ್ಣೆಯ ಜೊತೆ. ಬಾವಿಯ ಅನಿಲ ಒಳಬರುವ ಹೆಬ್ಬಾಗಿಲಲ್ಲೇ ನಿಲ್ಲಿಸಿದರೆ ಪಾತ್ರೆ ದೊಡ್ಡದಾಗುತ್ತದೆ, ತೇವದಿಂದ ಗುಳಿಗೆಯನ್ನು ಕಾಪಾಡಲು ಅನಿಲವನ್ನು ಕೆಲವು ಡಿಗ್ರಿ ಬಿಸಿ ಮಾಡಿಕೊಳ್ಳಬೇಕಾಗುತ್ತದೆ, ಆದರೆ ಮುಂದಿನ ಇಡೀ ಸ್ಥಾವರ ಶುದ್ಧ. ಹೆಬ್ಬಾಗಿಲಿನದೇ ಸರಿ ಎಂದು ನನ್ನ ಅಭಿಪ್ರಾಯ. ಯಂತ್ರವೊಂದನ್ನೇ ಕಾದರೆ ಸಾಲದು. ರಿಪೇರಿಗೆ ಪಾತ್ರೆಯೊಳಗೆ ಇಳಿಯುವ ಕೆಲಸಗಾರನ ಉಸಿರನ್ನೂ ಕಾಯಬೇಕು.

ಪಾದರಸ ಮೈಯೊಳಗೆ ಹೋದರೆ ಅದು ಹುಡುಕಿಕೊಂಡು ಹೋಗುವುದೂ ಗಂಧಕವನ್ನೇ. ನಮ್ಮ ಪ್ರೋಟೀನುಗಳ ಎಳೆಯಲ್ಲಿ ಅಲ್ಲಲ್ಲಿ ಗಂಧಕ ಮತ್ತು ಹೈಡ್ರೋಜನ್ ಸೇರಿದ ಕೊಂಡಿಗಳಿವೆ. ಪಾದರಸ ಅವಕ್ಕೆ ಕಚ್ಚಿಕೊಂಡರೆ ಆ ಪ್ರೋಟೀನು ಕೆಲಸಕ್ಕೆ ಬಾರದು. ಜಪಾನಿನ ಮಿನಮಾತದಲ್ಲಿ 1956ರಲ್ಲಿ ಗುರುತಿಸಿದ ಕಾಯಿಲೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಗಳಿಗೆ ಸೇರಿ ಬಂದದ್ದು. ಪಾದರಸದ ಕೆಲವು ಬಗೆಯ ವಿಷಕ್ಕೆ ಕೊಡುವ ಡೈಮರ್‌ಕ್ಯಾಪ್ರಾಲ್ ಮದ್ದಿನಲ್ಲೂ ಗಂಧಕದ ಅಂಥದೇ ಎರಡು ಕೊಂಡಿ. ಪ್ರೋಟೀನಿನಿಂದ ಪಾದರಸವನ್ನು ಬಿಡಿಸಿ ತನ್ನ ಜೊತೆ ಕರೆದೊಯ್ಯುತ್ತದೆ. ಇನ್ನೂ ಒಂದು ಮಾತು. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬುದನ್ನು ಚೂರು ಬೆರೆಸುತ್ತಾರೆ. ರೆಗ್ಯುಲೇಟರ್ ಬದಲಿಸುವಾಗ ಗಪ್ಪೆಂದು ಮೂಗಿಗೆ ಬಡಿಯುವ ಆ ವಾಸನೆಯಲ್ಲಿರುವುದೂ ಗಂಧಕದ ಇದೇ ಕೊಂಡಿ. ಪಾದರಸ ಎದುರಾದರೆ ಅದೂ ಹಿಡಿಯದೆ ಬಿಡುವುದಿಲ್ಲ.

ತುಂಬಿದ ಗುಳಿಗೆಗಳನ್ನು ಎಲ್ಲೋ ಸುರಿಯುವಂತಿಲ್ಲ. ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ ಪಾದರಸವನ್ನು ಬೇರೆ ಮಾಡಿ ಇಳಿಸಿಕೊಳ್ಳುತ್ತಾರೆ. ಹಿಂದೆ ಅದು ಮಾರಾಟಕ್ಕೆ ಹೋಗುತ್ತಿತ್ತು. 2011ರಿಂದ ಐರೋಪ್ಯ ಒಕ್ಕೂಟ ಪಾದರಸದ ರಫ್ತನ್ನು ನಿಲ್ಲಿಸಿ, ನೈಸರ್ಗಿಕ ಅನಿಲ ಶುದ್ಧಿಯಿಂದ ಬಂದ ಪಾದರಸವನ್ನು ತ್ಯಾಜ್ಯವೆಂದೇ ಪರಿಗಣಿಸಿತು. ಈಗ ಅಲ್ಲಿ ಆ ಪಾದರಸವನ್ನು ಗಂಧಕದ ಜೊತೆ ಸೇರಿಸಿ ಸಲ್ಫೈಡ್ ಮಾಡಿ, ಜರ್ಮನಿಯ ಆಳದ ಉಪ್ಪಿನ ಗಣಿಗಳಲ್ಲಿ ಇಡುತ್ತಾರೆ. ಅಂದರೆ ಕಾರ್ಖಾನೆಯಲ್ಲಿ ಕಜ್ಜಳಿ ತಯಾರಿಸಿ ಭೂಮಿಗೆ ಒಪ್ಪಿಸುತ್ತಾರೆ. ಪಾದರಸವನ್ನು ಕುರಿತ ಮಿನಮಾತ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ನಮ್ಮ ಪಾಲಿನ ಕೆಲಸ ಚಿಕ್ಕದು. ಒಂದು ಸಿಎಫ್ಎಲ್ ಬಲ್ಬಿನಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಐದು ಮಿಲಿಗ್ರಾಂ ಎಂದು ಹಿಡಿದರೂ, ಗ್ಯಾಸ್ ಪ್ಲಾಂಟಿನವರು ಪಾಲಿಸುವ ಮಿತಿಯಲ್ಲಿ ಅದು ಐದು ಲಕ್ಷ ಘನ ಮೀಟರ್ ಅನಿಲಕ್ಕೆ ಹಂಚಬೇಕಾದ ಪಾಲು. ಕೆಟ್ಟ ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬು, ಹಳೆಯ ಜ್ವರದ ಥರ್ಮಾಮೀಟರು ಯಾವುದನ್ನೂ ಕೆರೆ ಏರಿಯ ಮೇಲೋ ತಿಪ್ಪೆಯ ಮೇಲೋ ಒಡೆಯಬೇಡಿ, ಮಕ್ಕಳು ಒಡೆಯಲು ಬಿಡಬೇಡಿ. ದೇಶದ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮನೆಯಲ್ಲೇ ಒಡೆದರೆ ಕಿಟಕಿ ಬಾಗಿಲು ತೆರೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಿ. ಪೊರಕೆ ಹಾಕಬೇಡಿ, ಹನಿ ಚೂರಾಗಿ ಹರಡುತ್ತದೆ. ಗಟ್ಟಿ ಕಾಗದದಿಂದ ಒಟ್ಟುಮಾಡಿ, ಬಿಗಿ ಮುಚ್ಚಳದ ಗಾಜಿನ ಸೀಸೆಗೆ ಹಾಕಿ ಮುಚ್ಚಿಡಿ. ಸಂದಿಯಲ್ಲಿ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಿ.